ಕಬ್ಬಿನ ಟ್ರ್ಯಾಲಿ ಎದುರಾದಾಗ

ಸೈಕ್ಲಿಂಗ್ ಕೋಚ್ ಹುದ್ದೆಯಿಂದ ನಿವೃತ್ತನಾಗಿ ರಾಯಬಾಗಕ್ಕೆ ಬಂದ ಮೊದಲ ವರ್ಷದ ಮಾತು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಬೆಳಿಗ್ಗೆ ನಾಲ್ಕಾರು ಮಕ್ಕಳಿಗೆ ತರಬೇತಿ ಕೊಡುತ್ತಿದ್ದೆ. ಅವರಲ್ಲಿ ಅಲಖನೂರಿನ ರೇಖಾಳ ಕಾಲಲ್ಲಿ ಒಳ್ಳೆಯ ಕಸುವಿತ್ತು. ಸಂಕ್ರಾಂತಿ ಮುಗಿದ ಮೇಲೆ ಕ್ರೀಡಾ ಹಾಸ್ಟೆಲಿನ ಆಯ್ಕೆ. ಅಷ್ಟರಲ್ಲಿ ಕಬ್ಬಿನ ಹಂಗಾಮು ಶುರುವಾಯಿತು. ಎದುರು ಬಂದ ಕಬ್ಬಿನ ಟ್ರ್ಯಾಲಿಗೆ ದಾರಿ ಬಿಡಲು ಹೋಗಿ ಹುಡುಗಿ ರಸ್ತೆ ಬದಿಗೆ ಬಿದ್ದು ಮೊಣಕೈ ತರಚಿಕೊಂಡಳು. ಅವಳಪ್ಪ ಅಪ್ಪಾಸಾಬ ಸೈಕಲ್ಲಿಗೆ ಬೀಗ ಜಡಿದ.

ಅಪ್ಪಾಸಾಬ ತಾನೇ ಟ್ರ್ಯಾಕ್ಟರಿಗೆ ಎರಡು ಟ್ರ್ಯಾಲಿ ಕಟ್ಟಿ ಕಾರ್ಖಾನೆಗೆ ಕಬ್ಬು ಸಾಗಿಸುವವನು. ನಾನು ಮನೆಗೆ ಹೋದಾಗ ನೇರವಾಗಿಯೇ ಹೇಳಿದ: “ತುಂಬಿದ ಟ್ರ್ಯಾಲಿ ಗಕ್ಕನ ನಿಲ್ಲೂದಿಲ್ರಿ ಸರ್. ಎದುರ ಬಂದಾವ್ರ ಕೆಳಗ ಇಳೀಬೇಕು. ನಾನ ಹೊಡಿಯಾಂವ, ನನಗ ಗೊತ್ತಿಲ್ಲೇನ್ರಿ?”

ನಮ್ಮ ಕಡೆ ಹಂಗಾಮಿನಲ್ಲಿ ಇದೇ ಕಾನೂನು. ದಪ್ಪ ಗಾಲಿಯ ಮೌಂಟನ್ ಬೈಕ್ ಆದರೆ ಮಾತ್ರ ಬಿಡುತ್ತೇನೆ ಎಂದ. ಅದನ್ನು ತುಳಿಯುವುದೆಂದರೆ ಎಮ್ಮೆ ಮೇಲೆ ಕೂತು ರೇಸಿಗೆ ಹೋದಂತೆ, ತನಗೆ ತೆಳು ಗಾಲಿಯ ರೇಸ್ ಸೈಕಲ್, ರೋಡ್ ಬೈಕೇ ಬೇಕು ಎಂದು ಮಗಳು ಹಟ ಹಿಡಿದಳು.

ಇಬ್ಬರದೂ ಅರ್ಧ ಸರಿ. ರೋಡ್ ಬೈಕಿನ ಟೈರ್ ಇಪ್ಪತ್ತೆಂಟು ಮಿಲಿಮೀಟರ್. ಡಾಂಬರಿನ ಮೇಲೆ ಹಾರುತ್ತದೆ, ಸಡಿಲ ಮಣ್ಣಿಗಿಳಿದರೆ ಹೂತು ಹೋಗುತ್ತದೆ. ಮೌಂಟನ್ ಬೈಕಿಗೆ ಮಣ್ಣಿನ ಭಯವಿಲ್ಲ, ಆದರೆ ನೆಟ್ಟಗೆ ಕೂತು ತುಳಿದ ಅಭ್ಯಾಸ ಬೆನ್ನು ಬಾಗಿಸಬೇಕಾದ ರೇಸಿನಲ್ಲಿ ಕೈಕೊಡುತ್ತದೆ. ಮೂರನೆಯದು ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಬೈಕ್: ಹ್ಯಾಂಡಲ್ ರೋಡ್ ಬೈಕಿನಂತೆ ಬಾಗಿದ್ದು, ಟೈರ್ ನಲವತ್ತು ಮಿಲಿಮೀಟರ್.

ಹಳೆಯ ಶಿಷ್ಯರಿಂದ ಮೂರೂ ತರಿಸಿದೆ. ಊರ ಹೊರಗಿನ ರಸ್ತೆಯಲ್ಲಿ ಅಪ್ಪಾಸಾಬ ಖಾಲಿ ಟ್ರ್ಯಾಲಿಗಳನ್ನು ನಿಧಾನವಾಗಿ ಎದುರಿಗೆ ತರಬೇಕು, ರೇಖಾ ಸೈಕಲ್ ತುಳಿಯುತ್ತಲೇ ಮಣ್ಣಿಗಿಳಿದು ಮತ್ತೆ ಡಾಂಬರಿಗೆ ಏರಬೇಕು. ರೋಡ್ ಬೈಕಿನ ಗಾಲಿ ಡಾಂಬರಿನ ಅಂಚಿಗೆ ಉಜ್ಜಿ ಜಾರಿತು, ಕಾಲೂರಿ ಉಳಿದುಕೊಂಡಳು. ಮೌಂಟನ್ ಬೈಕ್ ಸಲೀಸಾಗಿ ಹತ್ತಿತು, ಸಮಯ ನೋಡಿದರೆ ದಂಡ. ಗ್ರಾವೆಲ್ ಬೈಕಿನಲ್ಲಿ ಇಳಿದು, ಓರೆಯಾಗಿ ಅಂಚು ಹತ್ತಿ, ಮುಂದೆ ಹೋಗಿಯೇಬಿಟ್ಟಳು.

ಅಲ್ಲಿಗೆ ತೀರ್ಮಾನವಾಯಿತು ಎಂದುಕೊಂಡೆ. ಅಪ್ಪಾಸಾಬ ಮಾತ್ರ ಎಂಜಿನ್ ಆರಿಸಿ ಸೀಟಿನ ಮೇಲೇ ಕೂತಿದ್ದ. ಹತ್ತಿರ ಹೋದೆ.

“ಇಷ್ಟ ವರ್ಷ ಹೊಡ್ದೀನ್ರಿ ಸರ್. ಇಲ್ಲಿಂದ ಸೈಕಲ್‌ನವ್ರು ಎಷ್ಟ ಸಣ್ಣ ಕಾಣ್ತಾರ ಅಂತ ಇವತ್ತ ನೋಡಿದ್ನಿ.”



ಗ್ರಾವೆಲ್ ಬೈಕಿಗೆ ಅವನು ಒಪ್ಪಿದ. ಮರುದಿನ ನಾನು ಹೇಳದ ಕೆಲಸವೊಂದನ್ನೂ ಮಾಡಿದ. ಟ್ರ್ಯಾಕ್ಟರಿನವರು ಹಾಡು ಹಚ್ಚಿದರೆ ಲೋಕವೇ ಕೇಳಿಸುವುದಿಲ್ಲ; ಬೆಳಗಿನ ಹೊತ್ತು ಅದನ್ನು ಬಂದ್ ಮಾಡಿ, ಸೈಕಲ್ ಕಂಡರೆ ದೂರದಿಂದಲೇ ವೇಗ ಇಳಿಸಿರೆಂದು ಊರಿನ ಚಾಲಕರನ್ನೆಲ್ಲ ಕಾಡಿ ಒಪ್ಪಿಸಿದ. ಮಗಳ ಸಲುವಾಗಿ ಟ್ರ್ಯಾಕ್ಟರಿಗೂ ಮೌನವ್ರತ ಹಿಡಿಸಿದ್ದಾನೆಂದು ಮಂದಿ ನಕ್ಕರು. ರೇಖಾ ಆಯ್ಕೆಯಾದಳು.

ಸೇವೆಯುದ್ದಕ್ಕೂ ಟೈರು, ಗೇರು, ಬೆನ್ನಿನ ಬಾಗು ಇವನ್ನೇ ಕಲಿಸಿದವನು ನಾನು. ಎದುರಿಗೆ ಬರುವವನಿಗೆ ನಾವು ಕಾಣದಿದ್ದರೆ ಯಾವ ಸೈಕಲ್ ಕೊಂಡೂ ಉಪಯೋಗವಿಲ್ಲ.