ಹೊಗೆ ಕಾಣದ ಹೆಂಚು

ಮೊನ್ನೆ ಹಾಸನದ ನಮ್ಮ ಬೀದಿಯಲ್ಲಿ ಯಾರೋ ಹಸಿ ತೆಂಗಿನ ಮಟ್ಟೆಗೆ ಬೆಂಕಿ ಹಾಕಿದ್ದರು. ಆ ಕಮಟು ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ. ಇಷ್ಟು ವರ್ಷಗಳಾದರೂ... ಅದರ ಹಿಂದೆಯೇ ನಮ್ಮೂರು ದಂಡಿಗನಹಳ್ಳಿಯ ಪಕ್ಕದ ಮನೆಯ ದೊಡ್ಡವ್ವ ನೆನಪಾದರು. ನಮಗೆ ಸಂಬಂಧವೇನಲ್ಲ, ಬೀದಿಗೆಲ್ಲ ಅವರು ದೊಡ್ಡವ್ವನೇ.

ಅರವತ್ತರ ದಶಕದ ಆರಂಭ. ನಾನು ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ಅಪ್ಪ ಹೊಸ ಹೆಂಚಿನ ಮನೆ ಕಟ್ಟಿಸಿದ್ದರು. ನಮ್ಮ ಕಡೆ ಅಟ್ಟವೆಂದರೆ ಕೊಬ್ಬರಿಯಾಗಲೆಂದು ಕಾಯಿ ಹಾಕುವ ಜಾಗ. ಕೆಳಗಿನ ನೀರೊಲೆಯ ಹೊಗೆ ಮೇಲೇರಲು ಹಲಗೆಗಳ ನಡುವೆ ಸಂದು ಬಿಟ್ಟಿರುತ್ತಾರೆ. ಆ ಹೊಗೆ ಕಾಯಿಗಳನ್ನು ಬೆಚ್ಚಗಿಟ್ಟು ಸೂರಿನ ಕಿಂಡಿಯಿಂದ ಆಚೆ ಹೋಗುತ್ತದೆ.

ಅಣ್ಣನಿಗೆ ಹೊಸದಾಗಿ ಮದುವೆಯಾಗಿತ್ತು. ಮಲಗಲು ಪ್ರತ್ಯೇಕ ಕೋಣೆಯಿರಲಿಲ್ಲ. ಅವನ ಕಣ್ಣು ಅಟ್ಟದ ಮೇಲೆ ಬಿತ್ತು.

"ಅಟ್ಟ ಇರಾದು ಕಾಯಿಗೆ ಕಣ್ಲಾ, ಸಂಸಾರಕ್ಕಲ್ಲ," ಅಂದರು ಅಪ್ಪ.

"ಇನ್ನೂ ಒಂದ್ ಕಾಯೂ ಆಕಿಲ್ವಲ್ಲಪ್ಪ. ಅಲ್ಲೀಗಂಟ ನಾವೇ ಕಾಯಿ ಅನ್ಕಳಿ!"

ಎಲ್ಲರೂ ನಕ್ಕೆವು. ಅಪ್ಪನೂ ನಕ್ಕರು, ಅಲ್ಲಿಗೆ ಮಾತು ಮುಗಿಯಿತು. ಅಣ್ಣ ಹಲಗೆಗಳ ಮೇಲೆ ಚಾಪೆ ಹಾಸಿದ. ಇಲಿ, ಧೂಳು ಬಾರದಿರಲೆಂದು ಕಿಂಡಿಗೆ ಗೋಣಿಚೀಲ ತುರುಕಿದ. ಅವರಿಬ್ಬರೂ ಬೆಳಿಗ್ಗೆ ಇಳಿದು ಬಂದ ಮೇಲೆಯೇ ನೀರೊಲೆ ಹಚ್ಚುತ್ತಿದ್ದುದರಿಂದ, ಒಳಗೆ ನಿಂತ ಹೊಗೆ ರಾತ್ರಿಯೊಳಗೆ ಹೇಗೋ ತಿಳಿಯಾಗುತ್ತಿದ್ದುದರಿಂದ ತೊಂದರೆ ಗೊತ್ತಾಗಲಿಲ್ಲ.

ಅತ್ತಿಗೆ ಬಸುರಿಯಾದರು. ಒಂದು ಬೆಳಿಗ್ಗೆ ವಾಂತಿಯಾಗಿ ಸುಸ್ತಾಗಿ ಮತ್ತೆ ಮೇಲೆ ಹೋಗಿ ಮಲಗಿದ್ದರು. ಅಣ್ಣ, ಅಪ್ಪ ತೋಟಕ್ಕೆ ಹೋಗಿದ್ದರು. ಅವ್ವ ಅದನ್ನು ಮರೆತು ನೀರೊಲೆಗೆ ಹಸಿ ಮಟ್ಟೆ ಒಟ್ಟಿ ಜಗಲಿಗೆ ಬಂದು, ನನ್ನೊಡನೆ ಮಾತಾಡುತ್ತಾ ಅವರೆಕಾಯಿ ಸುಲಿಯುತ್ತಿದ್ದಳು.

ದೊಡ್ಡವ್ವನ ಒಲೆ ಆರಿತ್ತು. ಕೆಂಡ ಕೇಳಲು ಕರಟ ಹಿಡಿದು ನಮ್ಮ ಹಿತ್ತಿಲಿಗೆ ಬಂದವರು ಸೂರು ನೋಡಿ ನಿಂತುಬಿಟ್ಟರಂತೆ. ಅಲ್ಲಿಂದಲೇ ಕೂಗಿದರು:

"ಒಲೆ ಉರೀತಾ ಅದೆ, ಒಗೆ ಎಲ್ಲಮ್ಮಿ? ಎಂಚಲ್ಲಿ ಒಗೇನೇ ಇಲ್ವಲ್ಲ!"

ಅವ್ವ ಎದ್ದಳು. "ಅಯ್ಯೋ, ಮೇಲೆ ಉಡುಗಿ ಮಲಗವ್ಳೆ..."

ನಾನು ಒಳಗೆ ಓಡಿ ಏಣಿಯ ಬುಡದಲ್ಲಿ ನಿಂತೆ. "ಏನ್ಲಾ ಕಂಬ ನಿಂತಂಗೆ ನಿಂತಿದ್ದೀಯ! ಗೋಡೆ ಅತ್ತಿ ಎಂಚು ಕೀಳ್ಲಾ!" ಎಂದು ಕೂಗುತ್ತಲೇ ದೊಡ್ಡವ್ವ ಸೆರಗನ್ನು ಬಾಯಿಗೆ ಕಟ್ಟಿ ಏಣಿ ಹತ್ತಿದರು. ನಾನು ಹಿತ್ತಿಲ ಗೋಡೆ ಹತ್ತಿ ಹೆಂಚು ಕಿತ್ತೆ. ಕಪ್ಪು ಹೊಗೆ ಮುಖಕ್ಕೆ ನುಗ್ಗಿತು. ಒಳಗೆ ಏನೂ ಕಾಣಲಿಲ್ಲ, ದೊಡ್ಡವ್ವನ ಕೆಮ್ಮು ಮಾತ್ರ ಕೇಳಿಸುತ್ತಿತ್ತು... ಆಮೇಲೆ ಅದೂ ನಿಂತಿತು. ಆ ಮೌನವನ್ನು ನಾನು ಇಂದಿಗೂ ಕೇಳುತ್ತಿರುತ್ತೇನೆ.

ಹೊಗೆ ತುಸು ತಿಳಿಯಾದಾಗ, ಅವರು ಅತ್ತಿಗೆಯನ್ನು ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡು ಬರುತ್ತಿದ್ದರು. ಏಣಿಯ ಕೆಳಗೆ ನಿಂತ ಅವ್ವ ಅತ್ತಿಗೆಯ ಕಾಲು ಹಿಡಿದು ಇಳಿಸಿಕೊಂಡಳು. ಅಂಗಳದಲ್ಲಿ ಮಲಗಿಸಿ ಗಾಳಿ ಬೀಸಿದ ಎಷ್ಟೋ ಹೊತ್ತಿಗೆ ಅತ್ತಿಗೆ ಕೆಮ್ಮಿ ಕಣ್ಣು ಬಿಟ್ಟರು.

ಅವ್ವ ಅಳುತ್ತಾ ದೊಡ್ಡವ್ವನ ಕಾಲಿಗೆ ಬೀಳಲು ಹೋದಳು. "ಅದಿರ್ಲಿ ಏಳಮ್ಮಿ, ಮೊದ್ಲು ಎಲ್ಡ್ ಕೆಂಡ ಕೊಡು. ಇನ್ನೂ ಮುದ್ದೆಗೆ ಎಸರಿಟ್ಟಿಲ್ಲ," ಅಂದರು ಮಸಿ ಹಿಡಿದ ಮುಖದ ದೊಡ್ಡವ್ವ.

ಸಂಜೆಯೇ ಅಣ್ಣ ಗೋಣಿಚೀಲ ಕಿತ್ತು ಹಾಸಿಗೆ ಇಳಿಸಿದ. ಹೆರಿಗೆ ಸುಸೂತ್ರವಾಗಿ ಆಯಿತು. ಮಗುವಿಗೆ ಮೊದಲ ನೀರು ಹಾಕಿದವರೂ ದೊಡ್ಡವ್ವನೇ.

ಅವರು ತೀರಿಕೊಂಡ ಸುದ್ದಿ, ನೌಕರಿಗೆಂದು ದೂರವಿದ್ದ ನನಗೆ ತಡವಾಗಿ ತಲುಪಿತು. ಮಣ್ಣಿಗೂ ಹೋಗಲಾಗಲಿಲ್ಲ. ಅಂದು ಅವರ ಒಲೆ ಆರದೇ ಇದ್ದಿದ್ದರೆ... ಅಲ್ಲಿಂದ ಮುಂದಕ್ಕೆ ಯೋಚನೆ ಹೋಗುವುದೇ ಇಲ್ಲ.

ಅತ್ತಿಗೆ ಈಗ ನಮ್ಮಲ್ಲಿಗೆ ಬಂದಿದ್ದಾರೆ. ಕಾಫಿಗೆ ಸಕ್ಕರೆ ಸಾಲದೆಂದು ಒಳಗೆ ಯಾರನ್ನೋ ಗದರುತ್ತಿದ್ದಾರೆ. ನಾನು ಸುಮ್ಮನೆ ಕುಳಿತು ಆ ದನಿಯನ್ನು ಕೇಳುತ್ತಿದ್ದೇನೆ.