ತಪ್ಪು ಅಳಿಸದ ಮೇಡಂ

ಆ ಗಣಿತದ ಮೇಡಂ ಇದ್ದಾಳಲ್ಲ, ಕಾಲೇಜಿನಲ್ಲಿ ಒಂದು ಗಂಟೆ ಪಾಠ ಮಾಡಿದರೆ ಮನೆಗೆ ಬಂದು ಕಾಲೇಜಿನದೇ ಬ್ಲಾಗಿನಲ್ಲಿ ಮೂರು ಗಂಟೆ ಮಾಡುವವಳು. ಸೌಟು ಬಲಗೈಯಲ್ಲಿ, ಫೋನು ಎಡಗೈಯಲ್ಲಿ, ಕಣ್ಣು ಮಾತ್ರ ಎರಡೂ ಫೋನಿನಲ್ಲೇ. ಗಂಡ ಪಾಪ, "ಹಾಲು ಉಕ್ತಾ ಇದೆ ಕಣೇ" ಅಂದರೆ, "ನೀವೇ ಇಳಿಸ್ರೀ, ಇಲ್ಲೊಬ್ಬನಿಗೆ ಲೆಕ್ಕ ಬಿಡಿಸೋಕೆ ಬರ್ತಿಲ್ಲ" ಅನ್ನುತ್ತಾಳೆ. "ಹಾಗಾದ್ರೆ ನಾನೂ ಬ್ಲಾಗಲ್ಲೇ ಕಾಫಿ ಕೇಳ್ಬೇಕೇನೋ" ಅಂತ ಅವನು ಗೊಣಗಿದರೆ, "ಕೇಳಿ, ಸರದಿ ಪ್ರಕಾರ ಉತ್ತರ ಕೊಡ್ತೀನಿ" ಅನ್ನುವ ಗಟ್ಟಿಗಿತ್ತಿ. ಇರಲಿ, ಗಂಡನ ಕಥೆ ಹೇಳುತ್ತ ಕೂತರೆ ಹೊತ್ತು ಹೋಗುತ್ತದೆ. ಅವಳದೊಂದು ಪದ್ಧತಿಗೆ ಮಾತ್ರ ಕೈಮುಗಿಯಬೇಕು: ಬ್ಲಾಗಿನಲ್ಲಿ ತಾನು ಹಾಕಿದ ಲೆಕ್ಕ ತಪ್ಪಾದರೆ ಅಳಿಸುವುದಿಲ್ಲ, ಅದರ ಮೇಲೊಂದು ಗೆರೆ ಎಳೆದು, ತಪ್ಪು ಹಿಡಿದವರ ಹೆಸರನ್ನು ಕೆಳಗೆ ದಪ್ಪಕ್ಷರದಲ್ಲಿ ಬರೆಯುತ್ತಾಳೆ. ಮೊನ್ನೆ ಕಾಲೇಜಿನ ಪರಿಶೀಲನೆಗೆ ಸಮಿತಿ ಬರುತ್ತದೆಂದು ಪ್ರಿನ್ಸಿಪಾಲರು ಫೋನು ಮಾಡಿದರು: "ಆ ಗೆರೆ ಎಳೆದದ್ದೆಲ್ಲ ಇವತ್ತೇ ತೆಗೀರಿ ಮೇಡಂ, ಮಾನ ಹೋಗುತ್ತೆ. ಇಲ್ಲಾಂದ್ರೆ ಬ್ಲಾಗನ್ನೇ ಮುಚ್ಚಿಸ್ತೀನಿ." ಬ್ಲಾಗೆಂದರೆ ಜೀವ ಬಿಡುವವಳು, ಮುಖ ಬಿಳಿಚಿಕೊಂಡಿತು. ಆದರೂ ಮೆಲ್ಲಗೆ ಅಂದಳು: "ಕೊನೇ ಗೆರೆ ಕೆಳಗಿರೋ ಹೆಸರು ಒಂದ್ಸಲ ಓದಿ ಸರ್. ಎರಡು ವರ್ಷದಿಂದ ಹಿಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂತ ಹುಡುಗಿ. ಹಾಜರಿಗೂ ಕೈ ಎತ್ತೋಳೇ ಹೊರತು ಬಾಯಿ ಬಿಟ್ಟೋಳಲ್ಲ. ಅವಳು ಮೊದಲನೇ ಸಲ ಮಾತಾಡಿದ್ದು ಅಲ್ಲಿ, 'ಮೇಡಂ, ನಿಮ್ಮ ಉತ್ತರ ತಪ್ಪು' ಅಂತ. ಅದನ್ನ ಹೇಗೆ ಅಳಿಸಲಿ?" ಆ ಕಡೆ ಕಂಪ್ಯೂಟರಿನ ಕೀಲಿಗಳು ಟಕಟಕ ಅಂದವು. ಆಮೇಲೆ ಕೇಳಿಸಿತು: "ಓದಿದೆ ಮೇಡಂ. ಬಂದವರಿಗೆ ಮೊದಲು ಆ ಪುಟಾನೇ ತೋರಿಸೋಣ."