ಮೊಣಕೈ ಅಳತೆ

ಆ ಬೀದಿಯಲ್ಲಿ ಬಾಗಿಲಿನ ಹಿಡಿ ಸಡಿಲವಾದರೆ, ಚಿಲಕ ಸರಿಯಾಗಿ ಕೂರದಿದ್ದರೆ ಜನ ಮೊಣಕೈ ಮೇಸ್ತ್ರಿಗೆ ಹೇಳಿ ಕಳಿಸುತ್ತಿದ್ದರು. ಆ ಹೆಸರು ಬಂದದ್ದು ಅವನ ಒಂದು ಹಟದಿಂದ. ಹೊಸ ಹಿಡಿ ಕೂರಿಸುವ ಮೊದಲು ಆ ಮನೆಯ ಹೆಂಗಸನ್ನು ಕರೆದು ಬಾಗಿಲ ಪಕ್ಕ ನಿಲ್ಲಿಸುತ್ತಿದ್ದ. "ಕೈ ಮಡಚಿ ತಾಯಿ" ಎನ್ನುತ್ತಿದ್ದ. ಮೊಣಕೈ ಎಲ್ಲಿಗೆ ಬರುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಿದ್ದ. ಹಿಡಿ ಅಲ್ಲಿಗೇ ಬರಬೇಕು, ಒಂದು ನೂಲಿನಷ್ಟೂ ಆಚೀಚೆ ಇಲ್ಲ.

"ಈ ಬಾಗಿಲನ್ನ ದಿನಕ್ಕೆ ನೂರು ಸಲ ತೆಗೆಯೋರು ನೀವು, ಯಜಮಾನ್ರು ಎರಡು ಸಲ ತೆಗೆದ್ರೆ ಹೆಚ್ಚು. ಎರಡೂ ಕೈಯಲ್ಲಿ ಸಾಮಾನಿದ್ರೂ ಮೊಣಕೈಲೇ ಒತ್ತಿ ಒಳಗೆ ಬರೋ ಹಾಗಿರಬೇಕು" ಎಂದು ವಿವರಿಸುತ್ತಿದ್ದ. ಹೆಂಗಸರಿಗೆ ಖುಷಿಯೋ ಖುಷಿ. ತಮ್ಮ ಗಂಡಂದಿರ ಮುಖ ಒಮ್ಮೆ ನೋಡಿ, ಮೇಸ್ತ್ರಿಗೆ ಇನ್ನೊಂದು ಲೋಟ ಚಹಾ ತರುತ್ತಿದ್ದರು.

ಇಷ್ಟು ಹೊತ್ತಾದರೂ ಅವನ ಹೆಂಡತಿಯ ಸುದ್ದಿ ಎತ್ತಲಿಲ್ಲ ನೋಡಿ. ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಆದರೆ ಈ ಕಥೆ ಅವಳದು.

ಬೀದಿಯವರು ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಅವಳ ಹೊಲಿಗೆ ಯಂತ್ರ. ಹತ್ತೊಂಬತ್ತು ವರ್ಷದಿಂದ ಆ ಸುತ್ತಿನ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಿಂದಲೇ ಹೊರಬಿದ್ದವು. ಯಾರು ದಪ್ಪಗಾದರು, ಯಾರು ಇಳಿದರು, ಯಾರು ಅಳತೆ ಕೊಡುವಾಗ ಉಸಿರು ಬಿಗಿಹಿಡಿಯುತ್ತಾರೆ, ಎಲ್ಲ ಅವಳಿಗೆ ಗೊತ್ತು. ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಆಳು ಮಾತ್ರ ಗಿಡ್ಡ. ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತರೆ ಕಾಲು ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ.

ಊರಿನ ಬಾಗಿಲುಗಳನ್ನೆಲ್ಲ ರಿಪೇರಿ ಮಾಡುವವನ ಮನೆಯ ಬಾಗಿಲುಗಳು ಹೇಗಿದ್ದವು ಎಂದು ಹೇಳಲೇಬೇಕು. ಮುಂಬಾಗಿಲ ಹಿಡಿ ಸವೆದು ಸವೆದು ಕೆಳಕ್ಕೆ ಜೋತುಬಿದ್ದಿತ್ತು. ಅಡುಗೆಮನೆಯ ಚಿಲಕ ತೂತಿಗೆ ಸೇರಬೇಕಾದರೆ ಬಾಗಿಲನ್ನು ಪಾದದಿಂದ ಸ್ವಲ್ಪ ಎತ್ತಬೇಕು. ಬಚ್ಚಲಿನದು ಹಾಕಲು ಬರುತ್ತಲೇ ಇರಲಿಲ್ಲ. ಒಳಗಿದ್ದವರು ಆಗಾಗ ಕೆಮ್ಮುತ್ತಿರಬೇಕು, ಅದೇ ಬೀಗ. ಮಲಗುವ ಕೋಣೆಯ ಹಿಡಿಯಂತೂ ಕೈಗೇ ಬರುತ್ತಿತ್ತು. ಒಮ್ಮೆ ಬಂದ ನೆಂಟರೊಬ್ಬರು ಅದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡಬೇಕೆಂದು ತೋಚದೆ ಊಟಕ್ಕೂ ಅದರೊಂದಿಗೇ ಬಂದು ಕೂತಿದ್ದರು.

"ರೀ, ನಮ್ಮ ಮನೇದೂ ಸ್ವಲ್ಪ ನೋಡ್ರೀ" ಎಂದು ಅವಳು ಕೇಳಿದ್ದಕ್ಕೆ ಲೆಕ್ಕವಿಲ್ಲ.

"ನಮ್ಮನೇದು ಎಲ್ಲಿಗೆ ಹೋಗತ್ತೆ? ಆಮೇಲೆ ಮಾಡಿದ್ರಾಯ್ತು ಬಿಡೇ" ಎಂದು ಅವನು ಚೀಲ ಹೆಗಲಿಗೇರಿಸಿ ಇನ್ನೊಬ್ಬರ ಮನೆಗೆ ಹೊರಡುತ್ತಿದ್ದ.

ಅವಳಿಗೆ ಬೇಕಾಗಿದ್ದದ್ದು ಗಟ್ಟಿ ಹಿಡಿ ಮಾತ್ರವಲ್ಲ. ಅವನು ತನ್ನನ್ನೂ ಒಮ್ಮೆ ಬಾಗಿಲ ಪಕ್ಕ ನಿಲ್ಲಿಸಿ, ಕೈ ಮಡಚು ಎಂದು ಹೇಳಬೇಕೆಂಬ ಆಸೆ. ನಾಚಿಕೆಗೆಟ್ಟ ಆಸೆ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೀದಿಯ ಹೆಂಗಸರೆಲ್ಲ ಅಳತೆ ಕೊಟ್ಟು ಬಂದವರೇ. ಅವರ ಮಾತು ಕೇಳಿ ಕೇಳಿ ಹುಟ್ಟಿದ ಆಸೆ ಅದು.

ಆ ವರ್ಷ ಅವಳ ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ಟೈಲರಮ್ಮ ಒಂದು ವಾರ ಅಕ್ಕನ ಮನೆಯಲ್ಲಿದ್ದು ಬಂದಳು. ಬಂದ ಮರುದಿನವೇ ಮೇಸ್ತ್ರಿ ಎರಡು ಚೀಲ ತುಂಬ ಹೊಸ ಹಿಡಿ, ಚಿಲಕ, ತಿರುಪು ತಂದು ನಡುಮನೆಯಲ್ಲಿ ಸುರಿದ. ಎಲ್ಲ ಒಳ್ಳೆಯ ಮಾಲು, ತೂಕದ ಮಾಲು.

"ಇದು ಯಾರ ಮನೇದು ರೀ?"

"ಈ ಮನೇದೇ" ಎಂದ, ತಲೆ ಎತ್ತದೆ.

ಅವಳು ಹಿಗ್ಗಿದ್ದನ್ನು ಏನೆಂದು ಹೇಳಲಿ! ಹೊಲಿಯುತ್ತಿದ್ದ ರವಿಕೆಯನ್ನು ಹಾಗೇ ಬಿಟ್ಟು, ಕೈತೊಳೆದು, ಸೆರಗು ಸರಿಮಾಡಿಕೊಂಡು ಮುಂಬಾಗಿಲ ಪಕ್ಕ ಹೋಗಿ ನಿಂತಳು. ಬಲಗೈ ಮಡಚಿದಳು. ಆ ನಲವತ್ತೆರಡರ ಹೆಂಗಸು ಆ ಗಳಿಗೆಯಲ್ಲಿ ಫೋಟೋಕ್ಕೆ ನಿಂತ ಶಾಲೆಯ ಹುಡುಗಿಯ ಹಾಗಿದ್ದಳು.

ಮೇಸ್ತ್ರಿ ಅವಳನ್ನು ನೋಡಿದ. ಪೆನ್ಸಿಲು ಕಿವಿಯ ಮೇಲೆಯೇ ಇತ್ತು. "ನೀನು ಹೋಗೇ, ನಿನ್ನ ಕೆಲಸ ನೋಡ್ಕೋ. ನಿನ್ನ ಅಳತೆ ನನಗೆ ಗೊತ್ತಿಲ್ವಾ?" ಎಂದ.

ಅವಳು ಅದನ್ನು ಪ್ರೀತಿಯ ಮಾತೆಂದೇ ತಿಳಿದಳು. ಹೌದಲ್ಲ, ಪರರ ಹೆಂಡಿರಿಗೆ ಅಳತೆ ಬೇಕು, ತನ್ನವಳಿಗೆ ಯಾಕೆ ಬೇಕು? ಆ ಸಂಜೆ ರವಿಕೆ ಒಯ್ಯಲು ಬಂದ ಎದುರುಮನೆ ಅಜ್ಜಿಗೆ ಅದನ್ನು ಎರಡು ಸಲ ಹೇಳಿದಳು. ಅಜ್ಜಿಗೆ ಕಿವಿ ಮಂದವೆಂದು ಮೂರನೆಯ ಸಲವೂ ಹೇಳಿದಳು.

ಎರಡು ದಿನದಲ್ಲಿ ಮನೆಯ ಐದೂ ಬಾಗಿಲಿಗೆ ಹೊಸ ಹಿಡಿ ಬಂತು. ಬಚ್ಚಲಲ್ಲಿ ಕೆಮ್ಮಬೇಕಾಗಿರಲಿಲ್ಲ. ಆದರೆ ಒಂದು ವಿಷಯ ಅವಳಿಗೆ ಅರ್ಥವಾಗಲಿಲ್ಲ. ಹಿಡಿಗಳೆಲ್ಲ ಹಳೆಯ ಜಾಗಕ್ಕಿಂತ ನಾಲ್ಕು ಬೆರಳು ಮೇಲಿದ್ದವು. ಹಳೆಯ ತೂತುಗಳಿಗೆ ಅವನು ಮರದ ಚೂರು ಬಡಿದು, ಅಂಟು ತುಂಬಿ, ಉಜ್ಜಿ ನುಣುಪು ಮಾಡಿದ್ದ. ಒಗೆದ ಬಟ್ಟೆಯ ಬುಟ್ಟಿ ಹೊತ್ತು ಬಂದರೆ ಹಿಡಿ ಅವಳ ತೋಳಿಗೆ ಬರುತ್ತಿತ್ತು, ಮೊಣಕೈಗಲ್ಲ. ಬುಟ್ಟಿ ಕೆಳಗಿಟ್ಟು, ಕೈ ಎತ್ತಿ ಬಾಗಿಲು ತೆಗೆದು, ಮತ್ತೆ ಬುಟ್ಟಿ ಎತ್ತಬೇಕು.

"ಸ್ವಲ್ಪ ಮೇಲಾಯ್ತೇನೋ ಅಲ್ವಾ ರೀ?"

"ಹಳೇ ತೂತು ಸಡಿಲವಾಗಿತ್ತು, ತಿರುಪು ಹಿಡೀತಿರಲಿಲ್ಲ. ಅಭ್ಯಾಸ ಆಗತ್ತೆ ಬಿಡು."

ಕಸುಬಿನಲ್ಲಿ ಒಂದು ದಿನವೂ ತಪ್ಪದವನು ಮನೆಯಲ್ಲಿ ತಪ್ಪಿದ್ದಾನೆ ಎಂದು ಅವಳಿಗೆ ನಗು ಬಂತು. ಪಾಪ, ಅವಸರದಲ್ಲಿ ಮಾಡಿದ್ದಾನೆ, ಇಷ್ಟಾದರೂ ಮಾಡಿದನಲ್ಲ ಎಂದುಕೊಂಡು ಸುಮ್ಮನಾದಳು. ದಿನವೂ ಬಟ್ಟೆ ಒದ್ದೆ ಮಾಡಿ ಆ ಐದು ಹಿಡಿಗಳನ್ನು ಒರೆಸುತ್ತಿದ್ದಳು.

ಮೂರು ವಾರ ಕಳೆದಿರಬೇಕು. ಮಧ್ಯಾಹ್ನ ಅವಳು ಒಂದು ರವಿಕೆಯ ತೋಳಿಗೆ ಕಚ್ಚಾ ಹೊಲಿಗೆ ಹಾಕುತ್ತ ಕೂತಿದ್ದಾಗ ಹೊರಗೆ "ಅಕ್ಕಾ" ಎಂದು ದನಿ ಬಂತು. ಬಾಗಿಲು ತೆರೆಯಿತು. ಬಂದವಳು ಎತ್ತರದ ಹೆಂಗಸು. ಅವಳ ಎರಡೂ ಕೈ ತುಂಬ ಬಟ್ಟೆಯ ಗಂಟು. ಹಿಡಿಯ ಕಡೆ ಕಣ್ಣು ಕೂಡ ಹಾಯಿಸದೆ, ಮೊಣಕೈಯಿಂದಲೇ ಒತ್ತಿ ಸಲೀಸಾಗಿ ಒಳಗೆ ಬಂದಿದ್ದಳು.

ಟೈಲರಮ್ಮನ ಕಣ್ಣು ಟೇಪಿನ ಕಣ್ಣು. ಆ ಮೊಣಕೈಯನ್ನು ನೋಡಿದಳು, ಆ ಹಿಡಿಯನ್ನು ನೋಡಿದಳು. ಎರಡೂ ಒಂದೇ ಎತ್ತರ. ಯಾಕೆಂದು ಇನ್ನೂ ಗೊತ್ತಾಗಿರಲಿಲ್ಲ.

"ನೀವೇ ಅಲ್ವಾ ಮೇಸ್ತ್ರಿಯವರ ಮನೆಯವರು? ಅವತ್ತು ನಾವು ಮನೆ ನೋಡೋಕೆ ಬಂದಾಗ ನೀವು ಅಕ್ಕನ ಊರಿಗೆ ಹೋಗಿದ್ರಂತೆ" ಎಂದಳು ಬಂದವಳು, ಬಲು ಆದರದಿಂದ. "ಹಿಡಿಯೆಲ್ಲ ಸವೆದಿದೆ ಅಂತ ಒಂದು ಮಾತಂದಿದ್ದೆ ಅಷ್ಟೆ. ಮನೆ ಬಿಟ್ಟುಕೊಡೋದ್ರೊಳಗೆ ಎಲ್ಲ ಹೊಸದು ಹಾಕಿಕೊಡ್ತೀನಿ ಅಂದ್ರು. ನನ್ನನ್ನ ಇಲ್ಲೇ ನಿಲ್ಲಿಸಿ ಅಳತೆನೂ ತಗೊಂಡ್ರು. ಎಂಥಾ ಪುಣ್ಯಾತ್ಮರು ಅಕ್ಕಾ! ನೀವು ಊರು ಬಿಡೋಕೆ ಇನ್ನೂ ಒಂದು ತಿಂಗಳಿದೆಯಲ್ಲ, ಅಷ್ಟರಲ್ಲಿ ಈ ಕಿಟಕಿಗಳಿಗೆ ಪರದೆ ಹೊಲಿದು ಕೊಡ್ತೀರಾ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ರಂಪ ಮಾಡುತ್ತಿದ್ದರು. ನಾನಾಗಿದ್ದರೆ ಖಂಡಿತ ಮಾಡುತ್ತಿದ್ದೆ. ಆದರೆ ತನ್ನ ಮನೆ ಮಾರಾಟವಾದದ್ದು ತನಗೇ ಗೊತ್ತಿಲ್ಲವೆಂದು ಹೊರಗಿನವಳ ಮುಂದೆ ಒಪ್ಪಿಕೊಳ್ಳಲು ಟೈಲರಮ್ಮನ ಮಾನ ಬಿಡಲಿಲ್ಲ. ಎದ್ದು, ಕೊರಳಿನ ಟೇಪು ತೆಗೆದು, ಹತ್ತೊಂಬತ್ತು ವರ್ಷ ತನಗೆ ಬೆಳಕು ಕೊಟ್ಟ ಕಿಟಕಿಯ ಅಳತೆಯನ್ನು ಇನ್ನೊಬ್ಬಳಿಗಾಗಿ ತೆಗೆದುಕೊಂಡಳು. ಉದ್ದ ಬರೆದಳು, ಅಗಲ ಬರೆದಳು. ಅಗಲವನ್ನು ಹೊಡೆದುಹಾಕಿ ಮತ್ತೆ ಬರೆದಳು.

ಸಂಜೆ ಮೇಸ್ತ್ರಿ ಬಂದಾಗ ಪರದೆಯ ಬಟ್ಟೆ ಯಂತ್ರದ ಮೇಲಿತ್ತು. ಅದನ್ನು ನೋಡಿದ್ದೇ ಯಾರು ಬಂದುಹೋದರೆಂದು ಅವನಿಗೆ ತಿಳಿಯಿತು.

"ಹೇಳೋಣ ಅಂತಲೇ ಇದ್ದೆ ಕಣೇ" ಎಂದ. "ಅಣ್ಣ ಅವನ ಊರಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕ್ತಿದಾನೆ. ನಾನೂ ಸೇರ್ತೀನಿ ಅಂತ ಮಾತು ಕೊಟ್ಟುಬಿಟ್ಟೆ. ಎಷ್ಟು ದಿನ ಅಂತ ಚೀಲ ಹೊತ್ಕೊಂಡು ಮನೆ ಮನೆ ಅಲೀಲಿ? ನಿನಗೆ ಮೊದಲೇ ಹೇಳಿದ್ರೆ ಅಳ್ತೀಯ, ಬೇಡ ಅಂತೀಯ."

"ಬೇಡ ಅಂತಿದ್ದೆ" ಎಂದಳು. "ಅಷ್ಟು ಗೊತ್ತಿದ್ದೂ ನಾನಿಲ್ಲದಾಗ ಮಾರಿದ್ರಿ. ಮನೆ ನಿಮ್ಮ ಹೆಸರಲ್ಲಿದೆ, ಮಾರ್ಕೊಳ್ಳಿ. ನನ್ನ ಗಿರಾಕಿಗಳು, ನನ್ನ ಯಂತ್ರದ ಜಾಗ ಎಲ್ಲಾ ಹೋಗತ್ತೆ, ಹೋಗ್ಲಿ. ಆದ್ರೆ ಹತ್ತೊಂಬತ್ತು ವರ್ಷ ನಾನು ಬಾಯಿಬಿಟ್ಟು ಕೇಳಿದೆ ರೀ. ಅವಳು ಒಂದೇ ಒಂದು ಮಾತಂದಳು, ಎರಡೇ ದಿನದಲ್ಲಿ ಹಾಕಿಬಿಟ್ರಿ. ನಾನು ಕೈ ಮಡಚಿ ನಿಂತಿದ್ದೆನಲ್ಲ, ಆಗ ನನ್ನ ಮುಖ ನೋಡಿ ಏನಂದ್ರಿ? ನಾನು ಅದನ್ನ ಊರಿಗೆಲ್ಲ ಹೇಳ್ಕೊಂಡು ಬಂದೆ."

ಮೇಸ್ತ್ರಿ ಮುಂಬಾಗಿಲ ಹೊಸ ಹಿಡಿಯನ್ನು ಒಮ್ಮೆ ತಿರುಗಿಸಿ ಬಿಟ್ಟ. ಕಣ್ಣಿಗೆ ಮಣ್ಣೆರಚುವುದೇ ಆಗಿದ್ದರೆ ಹಿಡಿಗಳನ್ನು ಹಳೆಯ ತೂತಿಗೇ ಹಾಕಬಹುದಿತ್ತು, ಅವಳಿಗೆ ಅನುಮಾನವೇ ಬರುತ್ತಿರಲಿಲ್ಲ. ಆದರೆ ಕೈ ಕೇಳಬೇಕಲ್ಲ! ಬಾಗಿಲು ಯಾರದೋ, ಅಳತೆ ಅವರದೇ. ಹೆಂಡತಿಗೆ ಸುಳ್ಳು ಹೇಳಿದವನಿಗೆ ಬಾಗಿಲಿಗೆ ಸುಳ್ಳು ಹೇಳಲು ಆಗಲಿಲ್ಲ. ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟು ಬರುವುದು ಈ ಕಾರಣಕ್ಕೇ.

ಒಂದು ತಿಂಗಳಿಗೆ ಅವರು ಹೋದರು. ಅವಳು ಪರದೆಗಳನ್ನು ಹೊಲಿದು, ಇಸ್ತ್ರಿ ಮಾಡಿ, ಮಡಚಿ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು. ಹೊಲಿಗೆಯಲ್ಲಿ ಒಂದೂ ತಪ್ಪಿರಲಿಲ್ಲ.

ಹೊಸ ಊರಿನ ಬಾಡಿಗೆ ಮನೆಗೆ ಸಾಮಾನು ಇಳಿಸಿದ ಮರುದಿನವೇ ಮೇಸ್ತ್ರಿ ಅಣ್ಣನ ಅಂಗಡಿಯಿಂದ ಹೊಸ ಹಿಡಿಗಳನ್ನು ತಂದ. ಇದ್ದದ್ದರಲ್ಲೇ ಒಳ್ಳೆಯವನ್ನು ಆರಿಸಿದ್ದ. ಕಿವಿಯಿಂದ ಪೆನ್ಸಿಲು ತೆಗೆದು, ಮುಂಬಾಗಿಲ ಪಕ್ಕ ನಿಂತು ಕರೆದ. "ಬಾರೇ. ಇಲ್ಲಿ ನಿಂತ್ಕೋ. ಕೈ ಮಡಚು."

ಅವಳು ಬಂದು ನಿಂತಳು. ಕೈ ಮಡಚಲಿಲ್ಲ. ಎರಡೂ ಕೈಯನ್ನು ಕೆಳಗೆ ಇಳಿಬಿಟ್ಟು, ಅವನ ಮುಖವನ್ನೇ ನೋಡುತ್ತಿದ್ದಳು. ಅವನು ತಾನೇ ಅಂದಾಜಿನಲ್ಲಿ ಗೆರೆ ಎಳೆದು ಹಿಡಿ ಕೂರಿಸಿದ.

ಅವನು ಅಂಗಡಿಗೆ ಹೋದ ಮೇಲೆ ಅವಳು ಬಟ್ಟೆಯ ಬುಟ್ಟಿ ಹೊತ್ತು ಬಾಗಿಲ ಬಳಿ ಬಂದಳು. ಹಿಡಿ ಅವಳ ಮೊಣಕೈಗೆ ಸರಿಯಾಗಿ ಬಂತು, ಒಂದು ನೂಲಿನಷ್ಟೂ ಆಚೀಚೆ ಇರಲಿಲ್ಲ. ಹಾಗಾದರೆ ಅವತ್ತು ಅವನು ಅಂದದ್ದು ನಿಜವೇ. ಅವಳ ಅಳತೆ ಅವನಿಗೆ ಮೊದಲಿಂದಲೂ ಗೊತ್ತಿತ್ತು.

ಅವಳು ಬುಟ್ಟಿಯನ್ನು ಕೆಳಗಿಟ್ಟಳು. ಎಡಗೈಯಿಂದ ಬಾಗಿಲು ತೆಗೆದು, ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ಅವಳು ಯಾವತ್ತೂ ಹಾಗೆಯೇ ಹೋದಳು.